ಮಾವನವರ ಗಾಡಿ, ನನ್ನ ಗಾಲಿ

ಮದುವೆ ಮನೆಯಲ್ಲಿ ಕೇಳಿದ್ದಾರೆ, ಸೀರೆ ಅಂಗಡಿಯಲ್ಲಿ ಕೇಳಿದ್ದಾರೆ, ಒಮ್ಮೆ ದವಾಖಾನೆಯ ಸಾಲಿನಲ್ಲಿ ನಿಂತಾಗಲೂ ಕೇಳಿದ್ದಾರೆ: "ಅಂಥಾ ಛಲೋ ಗಾಡಿ. ಅದರ ಗಾಲಿ ಯಾಕ್ರಿ ಕೆಡಿಸಿದ್ರಿ?" ಕೇಳುವವರು ಮೊದಲು ನಮ್ಮ ಯಜಮಾನರ ಮುಖ ನೋಡುತ್ತಾರೆ, ನನ್ನ ಮುಖ ಆಮೇಲೆ. ಹೀಗಾಗಿ ಒಮ್ಮೆ ಬರೆದೇ ಇಡುತ್ತೇನೆ. ಕೆಡಿಸಿದ್ದು ನಾನು. ತಪ್ಪಾಯಿತು ಎಂದು ಈ ಬರಹದಲ್ಲಿ ಎಲ್ಲಿಯೂ ಹೇಳುವವಳಲ್ಲ.

ಗಾಡಿ ನಮ್ಮ ಮಾವನವರದು. ಬೆಣ್ಣೆ ಬಣ್ಣದ, ದುಂಡು ಬೆನ್ನಿನ ಹಳೆಯ ಕಾರು. ಹತ್ತಿ ವ್ಯಾಪಾರಕ್ಕೆ ಊರೂರು ತಿರುಗಿದ್ದು. ಗಾಲಿಗಳೂ ಬೆಣ್ಣೆ ಬಣ್ಣದವೇ, ಕಬ್ಬಿಣದವು. ಒಂದೊಂದರ ನಡುವೆ ಬೋರಲು ಹಾಕಿದ ಬಟ್ಟಲಿನಂಥ ಹೊಳೆಯುವ ಮುಚ್ಚಳ, ವೀಲ್ ಕಪ್ಪು. ಆ ವೀಲ್ ಕಪ್ಪಿನಲ್ಲಿ ನಮ್ಮ ಅಂಗಳ ಇಡಿಯಾಗಿ ಕಾಣುತ್ತಿತ್ತು, ತುಳಸಿ ಕಟ್ಟೆ ಸೊಟ್ಟಗೆ, ಆಕಾಶ ಸಣ್ಣದಾಗಿ. ನಾನು ಹೊಸ ಸೊಸೆಯಾಗಿ ಬಂದಾಗ ಅದರಲ್ಲೇ ಕುಂಕುಮ ಸರಿ ಮಾಡಿಕೊಂಡದ್ದುಂಟು.

ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಸೂತಿ, ಕೇಕು ಮತ್ತು ಮೆತ್ತಗೆ ಮಾತಾಡುವುದನ್ನು ಕಲಿಸಿದ್ದರು. ಗಾಡಿ ಕಲಿಸಿದವರು ಮಾವನವರು. ನವನಗರದ ಅಗಲ ರಸ್ತೆಗಳಲ್ಲಿ ಬೆಳಿಗ್ಗೆ ಜನ ಇರುತ್ತಿರಲಿಲ್ಲ. "ಕ್ಲಚ್ ಅಂದ್ರ ರೊಟ್ಟಿ ಬಡದಂಗ ನೋಡವಾ. ಗುದ್ದಬಾರದು, ತಟ್ಟಬೇಕು," ಅನ್ನುತ್ತಿದ್ದರು. ನನಗಾಗ ರೊಟ್ಟಿಯೂ ಬರುತ್ತಿರಲಿಲ್ಲ. ಎರಡನ್ನೂ ಒಂದೇ ವರ್ಷ ಕಲಿತೆ. ಗಾಡಿ ಮೊದಲು ಬಂತು.

ತೀರಿಕೊಳ್ಳುವ ಮುಂಚಿನ ವರ್ಷ ಅವರು ಕಾಗದಪತ್ರ ನನ್ನ ಹೆಸರಿಗೆ ಮಾಡಿಸಿದರು. ಇಬ್ಬರು ಗಂಡುಮಕ್ಕಳು ಎದುರಿಗೇ ಕೂತಿದ್ದರು. "ಇವರಿಬ್ರೂ ಇದನ್ನ ನೋಡ್ತಾರ. ಅಕಿ ಓಡಸ್ತಾಳ. ಅಕೀಗಿರಲಿ," ಅಂದರು. ಮಾತು ಅಷ್ಟೇ.

ಅವರು ಹೋದ ಮೇಲೆ ಮಕ್ಕಳಿಬ್ಬರೂ ಅದನ್ನು ನೋಡುತ್ತಲೇ ಕೂತರು. ಗಾಡಿಗೆ ಗವಸು ಬಂತು. ನಾನು ಕೀಲಿ ತೆಗೆದರೆ ಮೈದುನ, "ವೈನಿ, ಬಿಸಲೈತಿ, ಬಣ್ಣ ಹೋಗ್ತೈತ್ರಿ," ಅನ್ನುತ್ತಿದ್ದ. ಮಳೆ ಇದ್ದರೆ ಮಳೆ. ಬಿಸಿಲೂ ಮಳೆಯೂ ಇಲ್ಲದ ದಿನ ಧೂಳು. ಕೊನೆಗೆ ವರ್ಷಕ್ಕೊಮ್ಮೆ ಖಂಡೇನವಮಿಯ ಆಯುಧಪೂಜೆಗೆ ಮಾತ್ರ ಗವಸು ಸರಿಯಿತು. ನಾಲ್ಕೂ ಗಾಲಿಗೆ ಮೂರು ಬೆರಳಿನ ವಿಭೂತಿ, ಕುಂಕುಮ, ಚೆಂಡುಹೂವು. ಮುಂದಿನ ಎರಡು ಗಾಲಿಗಳ ಎದುರು ತೆಂಗಿನಕಾಯಿ ಒಡೆದು ಅದರ ನೀರನ್ನು ಗಾಲಿಯ ಮೇಲೇ ಸುರಿಯುವುದು ನಮ್ಮ ಮನೆಯ ಪದ್ಧತಿ. ಅದನ್ನು ಒರೆಸಬಾರದು. ತೀರ್ಥ. ಆಮೇಲೆ ಮತ್ತೆ ಗವಸು.

ತೀರ್ಥ ಕಬ್ಬಿಣಕ್ಕೆ ಏನು ಮಾಡುತ್ತದೆ ಎಂದು ಯಾರೂ ಬಗ್ಗಿ ನೋಡಲಿಲ್ಲ. ನಾನು ನೋಡಿದ್ದೆ. ಹಿಂದಿನ ಗಾಲಿಗಳು ನೆಟ್ಟಗಿದ್ದವು. ಮುಂದಿನ ಎರಡಕ್ಕೆ ಮಾತ್ರ ನೀರು ಇಳಿದ ದಾರಿಯಲ್ಲೇ, ಕೆಳಗಿನ ಅಂಚಿಗೆ, ಹೆಸರುಬೇಳೆಯಷ್ಟಷ್ಟು ತುಕ್ಕು. ಹೇಳಿದೆ. ಮೆತ್ತಗೆ ಹೇಳಿದೆ, ಕಲಿತಂತೆ. ಮೆತ್ತಗೆ ಹೇಳಿದ್ದು ನಮ್ಮ ಮನೆಯಲ್ಲಿ ಅಡುಗೆಮನೆ ದಾಟಿ ಹೊರಗೆ ಬರುವುದಿಲ್ಲ.

ಹೋದ ವರ್ಷ ಊರಿನಲ್ಲಿ ಹಳೆಯ ಕಾರುಗಳ ಮೆರವಣಿಗೆ ಇದೆ ಎಂದು ಸುದ್ದಿ ಬಂತು. ಯಜಮಾನರು ಮತ್ತು ಮೈದುನ ಹೆಸರು ಕೊಟ್ಟರು. ಗಾಡಿಯನ್ನು ದಿನಾ ಉಜ್ಜಿದರು. ಓಡಿಸಿ ನೋಡಲಿಲ್ಲ. ಒಂದು ದಿನ ಇಬ್ಬರೂ ಇಲ್ಲದಾಗ ನಮ್ಮ ಅತ್ತೆ, "ಧಾರವಾಡಕ್ಕ ಹೋಗಿ ನಮ್ಮಕ್ಕನ್ನ ನೋಡಿ ಬರೂಣೇನ? ಬಸ್ ಬ್ಯಾಡ," ಅಂದರು. ಎಂಬತ್ತು ದಾಟಿದವರು. ನಾನು ಗವಸು ಎಳೆದೆ.

ಧಾರವಾಡದ ಹಾದಿಯ ಉಣಕಲ್ಲಿನ ಇಳಿಜಾರಿನಲ್ಲಿ ಸ್ಟೇರಿಂಗು ನನ್ನ ಕೈಯಲ್ಲಿ ನಡುಗಿತು. ಠಣ್ ಎಂದಿತು. ಮುಂದಿನ ಗಾಲಿಯ ವೀಲ್ ಕಪ್ಪು ಕಳಚಿ ನಮ್ಮನ್ನೂ ಹಿಂದೆ ಹಾಕಿ ರಸ್ತೆ ಅಂಚಿಗೆ ಉರುಳಿ ಒಂದು ಚಹಾದಂಗಡಿಗೆ ನುಗ್ಗಿತು. ಗಾಡಿ ಎಡಕ್ಕೆ ಎಳೆಯತೊಡಗಿತು. ಬ್ರೇಕನ್ನು ಗುದ್ದಲಿಲ್ಲ, ತಟ್ಟಿದೆ, ತಟ್ಟಿದೆ; ನಿಂತಿತು. ಟೈರಿನಲ್ಲಿ ಗಾಳಿ ಇರಲಿಲ್ಲ. ಹಿಂದಿನ ಸೀಟಿನಿಂದ ಅತ್ತೆ, "ಅದಕ್ಕ ಚಹಾ ಬೇಕಾಗಿತ್ತನೋ," ಅಂದರು.

ಗೋಪನಕೊಪ್ಪದ ಮಿಸ್ತ್ರಿ ಒಬ್ಬರು ಬಂದು ಗಾಲಿ ಬದಲಿಸಿ ನಮ್ಮನ್ನು ತಮ್ಮ ಶೆಡ್ಡಿಗೆ ಕರೆದೊಯ್ದರು. ಟೈರು ಬಿಚ್ಚಿದರು. ತುಕ್ಕಿನ ಹಕ್ಕಳೆ ಒಳಗಿನ ಟ್ಯೂಬನ್ನು ಕಚ್ಚಿ ತಿಂದಿತ್ತು. "ಟ್ಯೂಬ್ ಹೊಸಾದ ಹಾಕತೇನ್ರಿ ಅಕ್ಕಾರ, ಮುಗೀತು," ಅಂದರು. ನಾನು ಗಾಲಿಯನ್ನು ಬೆಳಕಿಗೆ ಹಿಡಿಸಿದೆ. ಇಪ್ಪತ್ತು ವರ್ಷ ಕಸೂತಿ ಹಾಕಿದ ಕಣ್ಣು. ಎರಡು ಬೋಲ್ಟಿನ ತೂತುಗಳ ನಡುವೆ ಒಂದು ಗೆರೆ ಕಂಡಿತು, ಕೂದಲಿನಷ್ಟು.

"ಇದೇನ್ರಿ ಮಿಸ್ತ್ರಿ?"

"ಬಣ್ಣ ಬಿಟ್ಟಿರಬೇಕ್ರಿ." ಆದರೂ ಅವರು ಅಲ್ಲಿ ಸೀಮೆಎಣ್ಣೆ ಹಚ್ಚಿ, ಒರೆಸಿ, ಸುತ್ತ ನೋಡಿದರು. "ಮ್ಯಾಲ ಚಾಕ್ ಪುಡಿ ಹಾಕಿದ್ರ ತಿಳೀತಿತ್ತು. ಸೀಳಿದ್ರ ಒಳಗಿನ ಎಣ್ಣಿ ಹೊರಗ ಬರತೈತಿ. ಚಾಕ್ ಎಲ್ಲಿ ಹೋತೋ..."

ಅತ್ತೆ ಸೊಂಟದ ಸಂಚಿ ಬಿಚ್ಚಿ ವಿಭೂತಿ ಗಟ್ಟಿ ತೆಗೆದು ಕೊಟ್ಟರು. "ತಿಕ್ಕು ಇದನ್ನ."

ಮಿಸ್ತ್ರಿ ಹಿಂಜರಿದರು. "ಇದನ್ನ ಹೆಂಗ್ರಿ ಅಮ್ಮಾರ..."

"ವರ್ಷಾ ಹಚ್ಚೂದ ಹಚ್ಚತೇವಿ. ಇವತ್ತ ಕೆಲಸಕ್ಕ ಹಚ್ಚು."

ಬೆಳ್ಳಗೆ ಪುಡಿ ಕೂತಿತು. ಮೂವರೂ ಬಗ್ಗಿ ನೋಡಿದೆವು. ನಿಧಾನವಾಗಿ ಆ ಬಿಳುಪಿನ ಮೇಲೆ ಒಂದು ಕಪ್ಪು ಗೆರೆ ಎದ್ದಿತು, ತೂತಿನಿಂದ ತೂತಿಗೆ. ಇನ್ನೊಂದು ಮುಂಗಾಲಿಯಲ್ಲೂ ಅದೇ, ಅರ್ಧದಷ್ಟು. ಅತ್ತೆ ವಿಭೂತಿ ಗಟ್ಟಿಯನ್ನು ಸಂಚಿಗೆ ಸೇರಿಸಿ, ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಇಳಿಜಾರಿನಲ್ಲಿ ಅದರ ಮೇಲೆ ಕೂತು ಬಂದವರು ಅವರೂ ತಾನೆ.

ಸಂಜೆ ಮನೆಯಲ್ಲಿ ಪಂಚಾಯ್ತಿ. ಮೈದುನನಿಗೆ ಬೆಸುಗೆ ಹಾಕಿಸುವ ಆಸೆ. "ವೆಲ್ಡಿಂಗ್ ಮಾಡಬಹುದ್ರಿ, ನಾ ಮಾಡಂಗಿಲ್ಲ," ಎಂದು ಮಿಸ್ತ್ರಿ ಆಗಲೇ ಫೋನಿನಲ್ಲಿ ಹೇಳಿದ್ದರು. ಗುಜರಿಯಲ್ಲಿ ಹಳೆಯವೇ ಸಿಗಬಹುದು. ಅವುಗಳ ಹೊಣೆಯನ್ನೂ ಅವರು ಹೊರಲಾರರು. ಗಟ್ಟಿ ಬೇಕೆಂದರೆ ಈಗಿನ ಅಲಾಯ್ ಗಾಲಿ, ಟ್ಯೂಬಿಲ್ಲದ ಟೈರು.

"ಅಲಾಯ್? ಆ ಗಾಡಿಗೆ?" ಯಜಮಾನರು ನಕ್ಕರು. "ನಮ್ಮವ್ವಗ ಜೀನ್ಸ್ ಹಾಕಿದಂಗ ಕಾಣ್ತೈತಿ."

"ಬೆಚ್ಚಗಿದ್ರ ನಾ ಹಾಕ್ಕೋತೇನಿ ತಗೋ," ಒಳಗಿನಿಂದ ಅತ್ತೆ.

ಮೈದುನನ ದನಿ ಸಣ್ಣದಾಯಿತು. "ವೈನಿ, ಅದು ಅಪ್ಪಾರ ಗಾಡಿ. ಆ ಗಾಲಿ ಮ್ಯಾಲ ಅಪ್ಪಾರು ತಿರಗ್ಯಾರ. ಹೊಸಾವು ಹಾಕಿದ್ರ ಏನ ಉಳೀತ್ರಿ ಅದರಾಗ?"

ಆ ಮಾತು ನನಗೆ ತಾಗಿತು. ಸುಳ್ಳು ಹೇಳುವುದಿಲ್ಲ. ಹೊಸ ಗಾಲಿ ಚೆಂದ ಎಂದು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಬೂದು ಬಣ್ಣದ ಐದು ಕಡ್ಡಿ, ಮುಖವೇ ಕಾಣದಂಥ ಮಬ್ಬು. ಆದರೆ ಮಾವನವರು ಗಾಲಿಯನ್ನು ಇಟ್ಟುಕೋ ಅಂದಿರಲಿಲ್ಲ.

"ಅಪ್ಪಾರು ನನಗ ಇದನ್ನ ಓಡಸಾಕ ಕೊಟ್ಟಾರ," ಅಂದೆ. "ಇವತ್ತ ಅತ್ತೀನ ಕರಕೊಂಡ ಹೊಂಟಿದ್ದೆ. ಇನ್ನೊಂದೀಟು ವೇಗ ಇದ್ದಿದ್ರ ಆ ಗೆರಿ ಪೂರಾ ಹರೀತಿತ್ತು. ಹೊಸಾವ ಹಾಕಸ್ತೇನಿ."

ದನಿ ಏರಿಸಲಿಲ್ಲ. ಆದರೆ ಎರಡನೆಯ ಸಲ ಅದನ್ನೇ ಹೇಳಿದೆ, ಮೂರನೆಯ ಸಲವೂ. ಸಿಸ್ಟರುಗಳು ಇದನ್ನು ಕಲಿಸಿರಲಿಲ್ಲ.

ಈಗಿನ ಗಾಲಿಯ ತೂತು ಹಳೆಯ ಗಾಡಿಗೆ ಸುಮ್ಮನೆ ಹೊಂದುವುದಿಲ್ಲ. ಮಿಸ್ತ್ರಿ ಅಳತೆ ಪಟ್ಟಿ ಹುಡುಕುವಷ್ಟರಲ್ಲಿ ನಾನು ಕಸೂತಿಯ ಟ್ರೇಸಿಂಗ್ ಕಾಗದವನ್ನು ಹಳೆಯ ಗಾಲಿಗೆ ಒತ್ತಿ, ಪೆನ್ಸಿಲ್ಲಿನಿಂದ ಬೋಲ್ಟುಗಳ ಜಾಗ ಎತ್ತಿಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು, "ಹೂವು ಒಂದ ಬಾಕಿ ನೋಡ್ರಿ ಅಕ್ಕಾರ," ಅಂದರು. ಆ ಕಾಗದದ ಅಳತೆಗೇ ಹೊಸ ಗಾಲಿಗೆ ತೂತು ಕೊರೆಸಿದರು. ಕೂದಲಿನಷ್ಟೂ ಆಚೀಚೆ ಆಗಲಿಲ್ಲ.

ಮೆರವಣಿಗೆಯ ಬೆಳಿಗ್ಗೆ ಯಜಮಾನರು ನನ್ನ ಹತ್ತಿರ ಬಂದು ನಿಂತರು. ಹಳೆಯ ನಾಲ್ಕೂ ಗಾಲಿಗೆ ಬಣ್ಣ ಬಳಿದು ಸಾಲಾಗಿ ನಿಲ್ಲಿಸಿದ್ದರು.

"ಎರಡ ತಾಸಿನ ಮಾತು. ಇವನ್ನ ಹಾಕೋಣ. ಸಾವಕಾಶ ನಾನ ಓಡಸ್ತೇನಿ. ವೀಲ್ ಕಪ್ಪು ಹಾಕಿದ್ರ ಗೆರಿ ಕಾಣಂಗಿಲ್ಲ."

"ಕಾಣಂಗಿಲ್ಲ. ಇರತೈತ್ರಿ," ಅಂದೆ. ಕೀಲಿ ನನ್ನ ಸೆರಗಿನ ತುದಿಯಲ್ಲಿತ್ತು.

ಮೆರವಣಿಗೆ ಹೊರಡುವ ಮೈದಾನಕ್ಕೆ ನಾನೇ ಓಡಿಸಿದೆ. ಅತ್ತೆ ಹಿಂದೆ, ಯಜಮಾನರು ಪಕ್ಕದಲ್ಲಿ. ಮೈದುನ ಮೊದಲೇ ಬೈಕಿನಲ್ಲಿ ಹೋಗಿದ್ದ. ಎದೆಗೆ ಸಂಘಟಕರ ಬಿಲ್ಲೆ ಹಚ್ಚಿಕೊಂಡವರೊಬ್ಬರು ಗಾಡಿಯ ಮುಖ ನೋಡಿ ಹಿಗ್ಗಿದರು, ಕೆಳಗೆ ನೋಡಿ ಕುಗ್ಗಿದರು.

"ಮೇಡಂ, ಈ ಗಾಲಿ ಇಟ್ಕೊಂಡು ಸಾಲಿನ್ಯಾಗ ಬರಾಕ ಆಗಂಗಿಲ್ರಿ. ಅಲ್ಲಿ ಹೊರಗ, ಸ್ಕೂಟರ್ ಬಾಜೂಕ ನಿಲ್ಲಸ್ರಿ."

ಅಷ್ಟರಲ್ಲಿ ಒಂದು ಲಾರಿ ಬಂತು. ಅದರ ಮೇಲಿನಿಂದ ಹಲಗೆ ಇಳಿಬಿಟ್ಟು ಕನ್ನಡಿಯಂತೆ ಹೊಳೆಯುವ ಒಂದು ಕಾರನ್ನು ಆರು ಜನ ಹಿಡಿದು ಇಳಿಸಿದರು, ತಳ್ಳುತ್ತ ಸಾಲಿನ ಮುಂದಕ್ಕೆ ಒಯ್ದರು.

"ಅದು ಓಡತೈತೇನ್ರಿ?" ಕೇಳಿದೆ.

"ಓಡೂದು ನಾವು ನೋಡಂಗಿಲ್ರಿ ಮೇಡಂ. ಒರಿಜಿನಲ್ ಐತೋ ಇಲ್ಲೋ, ಅದಷ್ಟ."

"ಹಂಗಂದ್ರ ನಮಗ ಇಲ್ಲಿ ಕೆಲಸಿಲ್ರಿ." ರಿವರ್ಸ್ ಹಾಕಿದೆ. ಮೈದುನ ಓಡಿ ಬಂದ. "ವೈನಿ, ಮಂದಿ ನಗತಾರ!" ನಗಲಿ ಅಂದೆ, ಹತ್ತು ಅಂದೆ. ಅವನು ಹತ್ತಲಿಲ್ಲ. ಯಜಮಾನರು ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟಿದ್ದರು. ತಳ್ಳಿಸಿಕೊಳ್ಳುತ್ತಿದ್ದ ಆ ಕಾರನ್ನು ಒಮ್ಮೆ ನೋಡಿ ಕೈ ತೆಗೆದರು.

ಧಾರವಾಡದ ಹಾದಿ ಹಿಡಿದೆ. ಉಣಕಲ್ಲಿನ ಇಳಿಜಾರು ಬಂದಾಗ ಯಜಮಾನರು ಡ್ಯಾಶ್‌ಬೋರ್ಡಿನ ಹಲಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಗಾಡಿ ನಡುಗಲಿಲ್ಲ. ಚಹಾದಂಗಡಿ ಹಿಂದೆ ಸರಿಯಿತು. "ಈ ಸಲ ಯಾರಿಗೂ ಚಹಾ ಬ್ಯಾಡೇನು?" ಅತ್ತೆ ಕೇಳಿದರು. ಯಜಮಾನರು ಹಲಗೆ ಬಿಟ್ಟು ಕಿಟಕಿ ಇಳಿಸಿದರು.

ಈ ಸಲದ ಖಂಡೇನವಮಿಗೆ ಪೂಜೆ ಎಂದಿನಂತೆ ಆಯಿತು. ಆ ಮಬ್ಬು ಗಾಲಿಗಳ ಮೇಲೂ ವಿಭೂತಿ ಚೆನ್ನಾಗಿ ಕೂರುತ್ತದೆ. ಕಾಯಿಯ ನೀರು ಸುರಿದದ್ದು ಮೈದುನನೇ. ನಾನು ಹೆಗಲ ಮೇಲಿನ ಟವೆಲ್ ತೆಗೆದುಕೊಂಡು ಬಗ್ಗಿದೆ.

"ವೈನಿ, ತೀರ್ಥ ಒರಸ್ತೀರೇನ್ರಿ?"

"ಹೂಂ," ಅಂದೆ. ಕಡ್ಡಿ ಕಡ್ಡಿಯ ಸಂದಿಗೂ ಬೆರಳು ಹಾಕಿ ಒರೆಸಿದೆ, ಎಲ್ಲರೂ ನೋಡುತ್ತಿದ್ದಂತೆ. ಹಳೆಯ ನಾಲ್ಕು ವೀಲ್ ಕಪ್ಪುಗಳನ್ನು ಅವನು ತನ್ನ ಕೋಣೆಯ ಗೋಡೆಗೆ ಹಾಕಿಕೊಂಡಿದ್ದಾನೆ. ಅದಕ್ಕೆ ನನ್ನ ತಕರಾರಿಲ್ಲ. ಗವಸನ್ನು ಮಾತ್ರ ಕತ್ತರಿಸಿ ಅಡುಗೆಮನೆಯ ಒರೆಸುಬಟ್ಟೆ ಮಾಡಿದ್ದೇನೆ. ಪೂಜೆಯ ಮರುದಿನ ಬಿಸಿಲು ಚುರುಗುಟ್ಟುತ್ತಿತ್ತು. ದುರ್ಗದಬೈಲಿನ ಪೇಟೆಗೆ ಹೋಗಿ ಮೆಣಸಿನಕಾಯಿ ತರಬೇಕಿತ್ತು. ಅತ್ತೆ ಚಪ್ಪಲಿ ಹಾಕಿಕೊಂಡು ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು.