ನಾಲ್ಕನೇ ನಂಬರಿನ ಗ್ವೆನ್

ಬೆಳಗಿನ ಆರು ಗಂಟೆ. ವಿಲ್ಕವಾರ ರೈಫಲ್ ಕ್ಲಬ್ಬಿನ ಮೈದಾನದಲ್ಲಿ ಕಾಂಗರೂಗಳು ಇನ್ನೂ ಹುಲ್ಲು ಮೇಯುತ್ತಿವೆ. ಗ್ವೆನ್ ಟ್ರೆಲೋರ್ ತಮ್ಮ ಹಳೇ ಗಾಡಿಯ ಹಾರ್ನನ್ನು ಎರಡು ಸಲ ಒತ್ತುತ್ತಾರೆ. ಅವು ತಲೆಯೆತ್ತಿ ನೋಡಿ, ಈಯಮ್ಮನದು ಇದ್ದದ್ದೇ ಅನ್ನುವ ಹಾಗೆ ನಿಧಾನಕ್ಕೆ ಬೇಲಿ ಹಾರಿ ಗೋಧಿ ಹೊಲಕ್ಕೆ ಇಳಿಯುತ್ತವೆ. ಆಮೇಲೆ ಬಾವುಟಗಳ ಕೆಲಸ. ನೂರು ಗಜಕ್ಕೊಂದು ಕಂಬ, ಕಂಬಕ್ಕೊಂದು ಹಳದಿ ಬಾವುಟ. ಒಂಬೈನೂರು ಗಜ ದೂರದಿಂದ ಗುಂಡು ಹೊಡೆಯುವ ದಿಬ್ಬದಿಂದ ಹಿಡಿದು ಗುರಿಹಲಗೆಗಳ ಕಂದಕದವರೆಗೆ ಒಂದೊಂದನ್ನೇ ಕಟ್ಟುತ್ತಾ ಹೋಗುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ಗುರಿಕಾರರಿಗೆ ಹೇಳುವುದು ಈ ಬಾವುಟಗಳೇ.

ಗಾಡಿಯ ಹಿಂಬದಿಯಲ್ಲಿ ಮುಚ್ಚಳವಿರುವ ಒಂದು ಬಕೆಟ್ ಇದೆ. ರಾತ್ರಿ ಒಲೆಯ ಮೇಲೆ ಕುದಿಸಿದ ಮೈದಾ ಅಂಟು. ಗುರಿಹಲಗೆಯ ತೂತಿಗೆ ಕಾಗದದ ತೇಪೆ ಹಚ್ಚುವುದಕ್ಕೆ ಗ್ವೆನ್ ಇದನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. "ಅಂಗಡಿ ಅಂಟು ಒಂದು ಹನಿ ಮಳೆ ಬಿದ್ರೆ ಬಿಟ್ಕೊಳ್ಳುತ್ತೆ. ಇದು ಬಿಡಲ್ಲ. ನನ್ನ ಅಡುಗೇಲಿ ಕೆಲಸಕ್ಕೆ ಬರೋದು ಇದೊಂದೇ ಅಂತಾನೆ ರಾಸ್," ಅನ್ನುತ್ತಾರೆ. ರಾಸ್ ಎಂದರೆ ಗಂಡ.

ಇವರ ಕೆಲಸ ಏನೆಂದರೆ, ಗುಂಡು ಬಂದು ಬೀಳುವ ಜಾಗದಲ್ಲಿ ಕೂರುವುದು. ಆಳುದ್ದದ ಕಂದಕ, ಅದರ ಮುಂದೆ ದಪ್ಪ ಮಣ್ಣಿನ ಒಡ್ಡು, ತಲೆಯ ಮೇಲೆ ಕಬ್ಬಿಣದ ಚೌಕಟ್ಟಿನಲ್ಲಿ ಗುರಿಹಲಗೆ. ಮೊದಲು ಗುಂಡು ಛಟೀರೆಂದು ತಲೆಯ ಮೇಲೆ ಹಾಯುತ್ತದೆ, ಒಂದು ಉಸಿರು ಕಳೆದ ಮೇಲೆ ದೂರದಿಂದ ಬಂದೂಕಿನ ಸದ್ದು ಬರುತ್ತದೆ. ಆ ಸದ್ದು ಬರುವಷ್ಟರಲ್ಲಿ ಗ್ವೆನ್ ಹಲಗೆಯನ್ನು ಕೆಳಗೆ ಎಳೆದಾಗಿರುತ್ತದೆ. ಹಳೆಯ ತೂತಿಗೆ ತೇಪೆ, ಹೊಸ ತೂತಿಗೆ ಕೇಸರಿ ಬಿಲ್ಲೆ, ಮತ್ತೆ ಮೇಲಕ್ಕೆ. ಎಂಟು ಸೆಕೆಂಡು. ಹೊಡೆದವನು ದೂರದಲ್ಲಿ ಮಲಗಿಕೊಂಡು ದುರ್ಬೀನಿನಲ್ಲಿ ಆ ಬಿಲ್ಲೆ ನೋಡಿ ತನ್ನ ಅಂಕ ತಿಳಿಯಬೇಕು. ತೂತು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಕಂದಕದವರು ತೋರಿಸಿದ್ದೇ ಸತ್ಯ.

ಒಂದು ಶನಿವಾರಕ್ಕೆ ಇಂಥ ನೂರೈವತ್ತು, ಇನ್ನೂರು ಸಲ. ಮೂವತ್ತೊಂದು ವರ್ಷದಿಂದ, ಅದೂ ನಾಲ್ಕನೇ ನಂಬರಿನ ಹಲಗೆಯೊಂದರಲ್ಲೇ. ಬೇಸಿಗೆ ಹತ್ತಿರವಾದರೆ ನೊಣಗಳ ಕಾಟ, ಚಳಿಗಾಲದಲ್ಲಿ ಮೊಣಕಾಲುದ್ದ ನೀರು. ಮೆಟ್ಟಿಲ ಕೆಳಗೆ ಒಂದು ಕಂದು ಹಾವು ಬಹಳ ಕಾಲ ಬಿಡಾರ ಮಾಡಿತ್ತು. ಗುಂಡಿನ ಸದ್ದಿಗೆ ಎಡಗಿವಿ ಅರ್ಧ ಕಿವುಡಾಗಿದೆ. ಗೆದ್ದವರ ಫೋಟೋ ತೆಗೆಯುವಾಗ ಗ್ವೆನ್ ಇನ್ನೂ ಕಂದಕದಲ್ಲಿ ಬಕೆಟ್ ತೊಳೆಯುತ್ತಿರುತ್ತಾರೆ. ಎಲೆಮರೆಯ ಕಾಯಿ ಅನ್ನುತ್ತೇವಲ್ಲ, ಇವರು ಮಣ್ಣಿನ ಮರೆಯವರು.

ಆದರೆ ಊರಿನ ಗುರಿಕಾರರ ಜಾತಕವೆಲ್ಲ ಇವರ ಕೈಯಲ್ಲಿದೆ. ಕ್ಲಬ್ಬಿನ ಕ್ಯಾಪ್ಟನ್ ಡೆಸ್ ಕ್ವಿಗ್ಲಿಯ ಗುಂಡು ಯಾವಾಗಲೂ ಎಡಕ್ಕೆ, ಕೆಳಗೆ. "ಉಸಿರು ನಿಲ್ಲೋಕೆ ಮೊದಲೇ ಟ್ರಿಗರ್ ಎಳೀತಾನೆ. ಊಟಕ್ಕೆ ಕೂತಾಗಲೂ ಅಷ್ಟೇ, ತಟ್ಟೆ ಬರೋ ತನಕ ತಾಳಲ್ಲ."

ಎರಡು ವರ್ಷದ ಹಿಂದೆ ರಾಸ್‌ನ ಭುಜ ಕೈಕೊಟ್ಟಿತು. ಬಂದೂಕಿನ ಒದೆತ ಇನ್ನು ಸಾಕು ಎಂದು ಡಾಕ್ಟರು ಹೇಳಿದರು. ಅವನ ರೈಫಲ್ ಬೀರುವಿನಲ್ಲಿ ಸುಮ್ಮನೆ ಕೂತಿತ್ತು. ಒಂದು ದಿನ ಗ್ವೆನ್ ಅದನ್ನು ಹೊರಗೆ ತೆಗೆದು, ನೀನು ಕಂದಕಕ್ಕೆ ಹೋಗು, ನಾನು ದಿಬ್ಬಕ್ಕೆ ಹೋಗ್ತೀನಿ ಅಂದರು. ರಾಸ್ ತಮಾಷೆ ಅಂದುಕೊಂಡ. ಪರವಾನಗಿಯ ಅರ್ಜಿ ಮೇಜಿನ ಮೇಲೆ ಕಂಡಾಗ ಒಪ್ಪಿಕೊಂಡ. ಅಂದಿನಿಂದ ಗ್ವೆನ್ ಹೊಡೆಯುವ ಹೊತ್ತಿಗೆ ಕಂದಕದಲ್ಲಿ ಅವನು, ಮಿಕ್ಕ ಹೊತ್ತೆಲ್ಲ ಅವರೇ.

ಮುನ್ನೂರು ಗಜ ಸುಲಭಕ್ಕೆ ಒಲಿಯಿತು. ಐನೂರೂ ಒಲಿಯಿತು. ಒಂಬೈನೂರು ಬೇರೆಯೇ ಸಮಾಚಾರ. ಗುರಿಹಲಗೆಯ ಮೇಲಿನ ಗಾಡಿಚಕ್ರದಷ್ಟು ದೊಡ್ಡ ಕರಿ ವೃತ್ತ ಅಲ್ಲಿಂದ ಕೈಚಾಚಿ ಹಿಡಿದ ಸಾಸಿವೆ ಕಾಳಿನಷ್ಟು. ಗಾಳಿ ಒಂಚೂರು ಹೊರಳಿದರೆ ಗುಂಡು ಎರಡಡಿ ಆಚೆ. ಗಾಳಿಯನ್ನು ಗ್ವೆನ್ ಬಲ್ಲರು, ಆದರೆ ಕಿವಿಯಿಂದ ಬಲ್ಲರು. ಕಂದಕದ ಹಿಂದಿನ ಬಾವುಟದ ಹಗ್ಗ ಕಂಬಕ್ಕೆ ಟಪಟಪ ಬಡಿದರೆ ಮುಂದಿನ ತೂತು ಎಡಕ್ಕೆ ಬೀಳುತ್ತದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ದಿಬ್ಬದ ಮೇಲೆ ಮಲಗಿದರೆ ಹಗ್ಗದ ಸದ್ದು ಎಲ್ಲಿಂದ ಬರಬೇಕು? ಅಲ್ಲಿ ಇರುವುದು ದುರ್ಬೀನು, ದುರ್ಬೀನಿನೊಳಗೆ ಹೊಳೆಯ ಹಾಗೆ ಹರಿಯುವ ಬಿಸಿಲ್ಗುದುರೆ. ಅದು ಯಾವ ಕಡೆ ವಾಲುತ್ತದೋ ಗಾಳಿ ಆ ಕಡೆಗೆ. "ಕಿವೀಲಿ ಕಲಿತಿದ್ದನ್ನೆಲ್ಲ ಅರವತ್ತಾರನೇ ವಯಸ್ಸಲ್ಲಿ ಕಣ್ಣಿಗೆ ಕಲಿಸ್ತಾ ಕೂತಿದ್ದೀನಿ. ಅದು ದಡ್ಡ ಕಣ್ಣು," ಅನ್ನುತ್ತಾರೆ.

ದಡ್ಡತನವೊಂದೇ ಆಗಿದ್ದರೆ ಚಿಂತೆ ಇರಲಿಲ್ಲ. ಬಲಗಣ್ಣಿನ ನಟ್ಟನಡುವೆ ಒಂದು ಮಸುಕು ಕೂರುತ್ತಿದೆ. ಮುಂದಿನ ವರ್ಷಕ್ಕೆ ಗುರಿ ಹಿಡಿಯುವಷ್ಟು ದೃಷ್ಟಿ ಉಳಿಯುವುದು ಅನುಮಾನ ಎಂದು ಕಣ್ಣಿನ ವೈದ್ಯೆ ಹೇಳಿದ್ದಾರೆ. ಇವತ್ತು ಈ ಸಾಲಿನ ಕೊನೆಯ ಅಭ್ಯಾಸ. ನಾಳೆಯಿಂದ ಇಲ್ಲಿಯ ಬೇಸಿಗೆಯ ಬೆಂಕಿಯ ಕಾಲ, ಒಂದು ಕಿಡಿ ಬಿದ್ದರೂ ಹೊಲ ಹತ್ತಿಕೊಳ್ಳುತ್ತದೆಂದು ಮೈದಾನಕ್ಕೆ ಏಪ್ರಿಲ್‌ವರೆಗೆ ಬೀಗ.

ಕ್ಲಬ್ಬಿನ ಗೋಡೆಯ ಮೇಲೆ ಒಂದು ಮರದ ಹಲಗೆ ಇದೆ. ಒಂಬೈನೂರು ಗಜದಲ್ಲಿ ಹತ್ತು ಗುಂಡಿಗೆ ಐವತ್ತರಲ್ಲಿ ನಲವತ್ತೈದು ಅಂಕ ತೆಗೆದವರ ಹೆಸರು ಅದರ ಮೇಲೆ ಬಂಗಾರದ ಬಣ್ಣದಲ್ಲಿ ಏರುತ್ತದೆ. ಪಂದ್ಯವೇ ಆಗಬೇಕೆಂದಿಲ್ಲ, ಅಭ್ಯಾಸದಲ್ಲಾದರೂ ನಡೆಯುತ್ತದೆ. ಗ್ವೆನ್ ಅದರ ದೂಳು ಒರೆಸುತ್ತಾ ಬಂದಿದ್ದಾರೆ. ಒಮ್ಮೆ, ಒಂದೇ ಒಂದು ಸಲ, ಅದರಲ್ಲಿ ತಮ್ಮ ಹೆಸರು ನೋಡಬೇಕೆಂಬ ಆಸೆ.

ಆ ಹಲಗೆಯಲ್ಲಿ ರಾಸ್‌ನ ಹೆಸರೂ ಇಲ್ಲ. ಇಪ್ಪತ್ತಾರು ವರ್ಷದ ಹಿಂದೆ ಅವನಿಗೆ ಕೊನೆಯ ಗುಂಡಿಗೆ ನಾಲ್ಕು ಅಂಕ ಸಾಕಿತ್ತು. ಅವನದು ನಾಲ್ಕನೇ ನಂಬರು, ಕಂದಕದಲ್ಲಿ ಹೆಂಡತಿ. ಗುಂಡು ಹಾರಿತು, ನಾಲ್ಕರಲ್ಲಿ ತೂತಿಲ್ಲ. ಪಕ್ಕದ ಐದರಲ್ಲಿ ಒಂದರ ಬದಲು ಎರಡು. ಪಕ್ಕದವನ ಹಲಗೆಗೆ ಹೊಡೆಯುವುದು ಈ ಆಟದಲ್ಲಿ ಎಂಥ ಪಳಗಿದವರಿಗೂ ಆಗುವ ಫಜೀತಿ. ದೂರದಿಂದ ಹಲಗೆಗಳೆಲ್ಲ ಅಕ್ಕತಂಗಿಯರ ಹಾಗೆ ಕಾಣುತ್ತವೆ, ಕಣ್ಣು ಬಾವುಟಕ್ಕೆ ಹೋಗಿ ಬರುವಷ್ಟರಲ್ಲಿ ಮನೆ ತಪ್ಪುತ್ತದೆ. ಅದಕ್ಕೆ ಸಿಗುವುದು ಸೊನ್ನೆ. ಇನ್ನೊಂದು ಸಲ ನೋಡು ಎಂದು ರಾಸ್ ಹೇಳಿ ಕಳಿಸಿದ. ಗ್ವೆನ್ ಮತ್ತೆ ಸೊನ್ನೆಯನ್ನೇ ತೋರಿಸಿದರು. ಮನೆಯಲ್ಲಿ ಮೂರು ದಿನ ಮಾತಿರಲಿಲ್ಲ. ನಾಲ್ಕನೇ ದಿನ ಅವನೇ ಚಹಾ ಮಾಡಿ ತಂದುಕೊಟ್ಟ.

ಯಾರಿಗೆ ಯಾವ ಹಲಗೆಯೆಂದು ಇವತ್ತು ಚೀಟಿ ಎತ್ತಿದಾಗ ಗ್ವೆನ್‌ಗೆ ಬಂದದ್ದು ಮೂರನೇ ನಂಬರು. ಕಂದಕದಲ್ಲಿ ಮೂರಕ್ಕೆ ರಾಸ್, ನಾಲ್ಕಕ್ಕೆ ಅಂಚೆ ಕಚೇರಿಯ ನೋಲಾ. ಗ್ವೆನ್ ಚಾಪೆ ಹಾಸಿ ಮಲಗುತ್ತಾರೆ, ಬಂದೂಕಿನ ಪಟ್ಟಿಯನ್ನು ತೋಳಿಗೆ ಬಿಗಿಯುತ್ತಾರೆ. ಡೆಸ್ ಪಕ್ಕದಲ್ಲಿ ಕೂತು ಅಂಕ ಬರೆಯುತ್ತಾನೆ. ಒಂಬತ್ತು ಗುಂಡಿಗೆ ನಲವತ್ತೊಂದು. ಕೊನೆಯದಕ್ಕೆ ನಾಲ್ಕು ಬಂದರೆ ಸಾಕು. ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಹಿಂದೆ ಬಂದು ನಿಂತಿದ್ದಾರೆ.

ಅಷ್ಟರಲ್ಲಿ ಬಿಸಿಲ್ಗುದುರೆ ಮಗ್ಗುಲು ಬದಲಾಯಿಸುತ್ತದೆ. ಗ್ವೆನ್ ಬಲಗಡೆಯ ಬಾವುಟಗಳ ಮೇಲೆ ಕಣ್ಣಿಟ್ಟು ಕಾಯುತ್ತಾರೆ. ಬಂದೂಕಿನ ಗುರಿ ಸರಿಸುವ ತಿರುಪನ್ನು ಒಂದು ಹಲ್ಲಿನಷ್ಟು ತಿರುಗಿಸುತ್ತಾರೆ. ಕೆನ್ನೆ ಮತ್ತೆ ಬಂದೂಕಿಗೆ ಒರಗುತ್ತದೆ, ಗುಂಡು ಹೋಗುತ್ತದೆ. ಇದು ಸರಿಯಾಗಿ ಹೋಯ್ತು ಎಂದು ಅವರ ಭುಜಕ್ಕೇ ಗೊತ್ತಾಗುತ್ತದೆ.

ಮೂರನೇ ಹಲಗೆ ಅಲುಗುವುದಿಲ್ಲ. ಕೆಳಗಿಳಿಯುವುದು ನಾಲ್ಕನೆಯದು. ಮತ್ತೆ ಮೇಲೆ ಬಂದಾಗ ಅದರ ನಟ್ಟನಡುವೆ ಕೇಸರಿ ಬಿಲ್ಲೆ. ಐದು ಅಂಕದ ಜಾಗ.

ವಾಕಿಟಾಕಿಯಲ್ಲಿ ರಾಸ್‌ನ ದನಿ ತಡವಾಗಿ ಬರುತ್ತದೆ. "ಮೂರರಲ್ಲಿ ಏನೂ ಇಲ್ಲ."

ನಾಲ್ಕರ ಮುಂದೆ ಮಲಗಿದ್ದವನು ಆಗಲೇ ತನ್ನ ಹತ್ತು ಮುಗಿಸಿ ಚಾಪೆ ಸುತ್ತಿಕೊಂಡು ಹೋಗಿದ್ದ. ಡೆಸ್ ಪೆನ್ಸಿಲ್ ಕಚ್ಚುತ್ತಾ ಹಿಂದಿನವರ ಮುಖ ನೋಡುತ್ತಾನೆ. ಎಲ್ಲರೂ ಹ್ಞೂಂ ಎಂದು ತಲೆಯಾಡಿಸುತ್ತಾರೆ. "ಅಲ್ಲಿ ಯಾರೂ ಹೊಡೀತಿರಲಿಲ್ಲ ಗ್ವೆನ್. ಯಾರ ಗಂಟೂ ಹೋಗಲ್ಲ. ಐದು ಹಾಕ್ತೀನಿ, ನಲವತ್ತಾರು. ಈ ಊರಲ್ಲಿ ಯಾರಾದ್ರೂ ಬೇಡ ಅಂತಾರಾ?"

"ಮೂರರಲ್ಲಿ ತೂತಿದೆಯಾ?"

"ಇಲ್ಲ."

"ಮತ್ತೆ ಯಾಕೆ ಕೇಳ್ತೀಯ? ಸೊನ್ನೆ ಬರಿ."

ಡೆಸ್ ಬರೆಯುತ್ತಾನೆ. ಗ್ವೆನ್ ಎದ್ದು ಮೊಣಕಾಲಿನ ಮಣ್ಣು ಕೊಡವುತ್ತಾರೆ. ಮುಖ ಸಪ್ಪಗಾಗಿದೆ, ಮುಚ್ಚಿಟ್ಟುಕೊಳ್ಳುವುದೂ ಇಲ್ಲ. ಏನಾಯಿತೆಂದು ಅವರಿಗೆ ಗೊತ್ತು. "ಮೂವತ್ತೊಂದು ವರ್ಷ ನಾಲ್ಕರ ಕೆಳಗೇ ಕೂತಿದ್ದೀನಿ. ಗಾಬರೀಲಿ ಕಣ್ಣು ತನ್ನ ಮನೆಗೆ ಹೋಗಿಬಿಡ್ತು."

ಗುಂಡು ನಡೆಯುತ್ತಿದೆಯೆಂದು ಹಾರಿಸುವ ಕೆಂಪು ಬಾವುಟ ಇಳಿದ ಮೇಲೆ ಗಾಡಿ ತೆಗೆದುಕೊಂಡು ಕಂದಕಕ್ಕೆ ಹೋಗುತ್ತಾರೆ. ನೋಲಾ ನಾಲ್ಕನೇ ಹಲಗೆಗೆ ತೇಪೆ ಹಚ್ಚದೆ ಹಾಗೇ ಬಿಟ್ಟಿದ್ದಾಳೆ. ರಾಸ್ ಬೆಂಚಿನ ಮೇಲೆ ಟೋಪಿ ತೆಗೆದು ಕೂತಿದ್ದಾನೆ.

"ಮೂರು ಸಲ ನೋಡಿದೆ ಕಣೇ," ಅನ್ನುತ್ತಾನೆ. "ಎಲ್ಲಾದ್ರೂ ಅಂಚಿಗಾದ್ರೂ ತಗುಲಿರಲಿ ಅಂತ ಬೆರಳಾಡಿಸಿ ನೋಡಿದೆ."

"ನಾನೂ ಅವತ್ತು ಬೆರಳಾಡಿಸಿದ್ದೆ," ಅನ್ನುತ್ತಾರೆ ಗ್ವೆನ್.

ಇಪ್ಪತ್ತಾರು ವರ್ಷದಲ್ಲಿ ಈ ಮಾತು ಅವನಿಗೆ ಹೇಳುತ್ತಿರುವುದು ಇದೇ ಮೊದಲು. ರಾಸ್ ಫ್ಲಾಸ್ಕ್ ತೆರೆದು ಚಹಾ ಬಗ್ಗಿಸಿ ಲೋಟವನ್ನು ಅವರ ಕಡೆ ಸರಿಸುತ್ತಾನೆ.

ಚಹಾ ಕುಡಿದು ಗ್ವೆನ್ ಆ ತೂತಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಒಂಬೈನೂರು ಗಜದಿಂದ ಹೊಡೆದ ತಮ್ಮ ಗುಂಡಿನ ತೂತನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಬಹಳ ಚೆನ್ನಾದ ತೂತು. ಬಕೆಟ್ಟಿಗೆ ಕುಂಚ ಅದ್ದಿ ತಾವೇ ತೇಪೆ ಹಚ್ಚಿ ಹೆಬ್ಬೆರಳಿನಿಂದ ಒತ್ತುತ್ತಾರೆ.

ಏಪ್ರಿಲ್‌ಗೆ ಏನು ಮಾಡುತ್ತೀರಿ ಎಂದು ನೋಲಾ ಕೇಳಿದರೆ, ಕುಂಚ ತೊಳೆಯುತ್ತಲೇ ಹೇಳುತ್ತಾರೆ. "ಬಲಗಣ್ಣು ಒಲ್ಲೆ ಅಂದ್ರೆ ಎಡಗಣ್ಣಿದೆ. ಮತ್ತೆ ಮುನ್ನೂರು ಗಜದಿಂದ ಶುರು ಮಾಡೋದು. ಚೀಟಿ ಎತ್ತುವಾಗ ನಂಗೆ ನಾಲ್ಕು ಬರಲಿ, ಅಷ್ಟೇ."