ಬಾವಿಗೆ ಕಲ್ಲೊಗೆಯುವ ವಸ್ತಾದರು
ಸ್ವಾತಂತ್ರ್ಯ ಬಂದ ವರ್ಷ, ಗಂಡ ತೀರಿದ ಮೇಲೆ, ನಾನು ಮುಂಡರಗಿಯಲ್ಲಿ ಹೊಲಿಗೆ ಹಿಡಿದಿದ್ದೆ. ಗರಡಿಯ ಮುರ್ತುಜಾ ವಸ್ತಾದರು ಹುಡುಗರ ಲಂಗೋಟಿಗೆ ಬಟ್ಟೆ ತಂದಾಗ ಅವರನ್ನು ಮೊದಲು ಕಂಡೆ. ಭುಜ ಎಷ್ಟು ಅಗಲವೆಂದರೆ ಬಾಗಿಲಲ್ಲಿ ಓರೆಯಾಗಿ ಒಳಗೆ ಬಂದರು. ಹೊಸಬರಿಗೆ ಅವರು ಮೊದಲು ಕುಸ್ತಿ ಕಲಿಸುತ್ತಿರಲಿಲ್ಲ, ಗರಡಿಯ ಕೆಮ್ಮಣ್ಣು ಅಗೆಸುತ್ತಿದ್ದರು. ಬರೀ ದಂಡ ಹೊಡೆದು ಎದೆ ಉಬ್ಬಿಸುವವನನ್ನು ಕಂಡರೆ, "ಮ್ಯಾಲ ಆನಿ, ಕೆಳಗ ಕೊಕ್ಕರಿ! ಬೈಠಕ ಯಾರು ಹೊಡೀಬೇಕಲೇ, ನಿಮ್ಮಪ್ಪನಾ?" ಎನ್ನುವರು. ಜ್ವರ ಬಂದವನನ್ನು ಬೈದು ಮನೆಗೆ ಅಟ್ಟುವರು. ರೊಟ್ಟಿ ತಿಂದು ಮಲಗುವುದೂ ಸಾಮು ಎನ್ನುವರು. ಯಾರಾದರೂ ಬಾವಿಯ ನೀರಲ್ಲಿ ತನ್ನ ತೋಳು ನೋಡಿಕೊಂಡರೆ ಕಲ್ಲೊಗೆದು ನೆರಳು ಕಲಕುತ್ತಿದ್ದರು. ಆ ಕಲ್ಲುಗಳಿಂದಲೇ ಬಾವಿ ಅರ್ಧ ತುಂಬಿತೆಂದು ಊರವರು ನಗುತ್ತಿದ್ದರು. "ಮೈ ನೋಡಾಕ ಅಲ್ಲಲೇ, ದುಡಿಯಾಕ ಐತಿ," ಎಂಬುದು ಅವರ ಮಾತು. ಏಕೀಕರಣದ ವರ್ಷ ಹೊಟ್ಟೆಬೇನೆ ಹಿಡಿದು ಮೈ ಅರ್ಧಕ್ಕಿಳಿಯಿತು, ಆದರೂ ಅವರು ಗರಡಿ ಬಿಡಲಿಲ್ಲ. ಕೊನೆಯ ಸಲ ಬಂದಾಗ ತಮ್ಮ ಅಂಗಿಯನ್ನು ನನ್ನ ಮುಂದಿಟ್ಟು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. "ಯಕ್ಕಾ, ನನ್ನ ನೋಡಿ ಹೊಸ ಹುಡುಗೂರು ಸಾಮು ಮಾಡೇ ಹಿಂಗಾತು ಅಂತ ಗರಡಿ ಬಿಡಾಕ ಹತ್ಯಾರ. ಈ ಅಂಗಿ ತೋಳಿನೊಳಗ ಯಾರಿಗೂ ತಿಳೀಧಂಗ ಒಂದೀಟು ಹತ್ತಿ ಇಟ್ಟು ಹೊಲೀತಿಯೇನು?"