ಫೆಜ್‌ಗೆ ಹೋಗುವ ಮೆಟ್ಟಿಲು

ನಮ್ಮ ಮಾವ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಸ್ಟಿಯರಿಂಗ್ ಬಿಟ್ಟರೂ ಡ್ರೈವರಿಕೆ ಅವರನ್ನು ಬಿಟ್ಟಿಲ್ಲ. ಊಟಕ್ಕೆ ಕೂತರೆ ಮೇಜಿನ ಕೆಳಗೆ ಬಲಗಾಲು ಬ್ರೇಕ್ ಹುಡುಕುತ್ತದೆ. ನಡೆಯುವಾಗ ಸದಾ ಮುಂದೆ; ಹಿಂತಿರುಗಿ ನೋಡುವುದು ಅವರ ಜಾಯಮಾನದಲ್ಲೇ ಇಲ್ಲ. ಹಿಂದಿನವರನ್ನು ನೋಡಿಕೊಳ್ಳುವುದು ಕಂಡಕ್ಟರಿನ ಕೆಲಸ ಎಂದು ನಂಬಿಕೊಂಡೇ ಆಯುಷ್ಯ ಕಳೆದ ಮನುಷ್ಯ. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಅವರ ಮುಖಕ್ಕಿಂತ ಬೆನ್ನಿನ ಪರಿಚಯವೇ ಹೆಚ್ಚಾಗಿತ್ತು.

ಅಂಥವರಿಗೆ ಫೆಜ್ ಹುಚ್ಚು ಹತ್ತಿಸಿದ್ದು ಟೀವಿ. ಮೊರಾಕೊ ದೇಶದ ಆ ನಗರಕ್ಕೆ ಸಾವಿರ ವರ್ಷಕ್ಕೂ ಮೇಲಾಗಿದೆ. ಗೋಡೆಯೊಳಗಿನ ಹಳೇ ಊರಲ್ಲಿ ಕಾರಿಲ್ಲ, ಬಸ್ಸಿಲ್ಲ; ಓಣಿಗಳು ಅಷ್ಟು ಇಕ್ಕಟ್ಟು. ಸಾಮಾನು ಹೊರಲು ಕತ್ತೆ, ಹೇಸರಗತ್ತೆ; ಮನುಷ್ಯರದೆಲ್ಲ ಕಾಲ್ನಡಿಗೆ. ಮಾವ ಕೈಯಲ್ಲಿದ್ದ ತುತ್ತು ಕೈಯಲ್ಲೇ ಹಿಡಿದು ನೋಡಿದರು.

“ಹಾರ್ನ್ ಇಲ್ಲದ ಊರು ಕಣೇ. ಅಲ್ಲಿ ನಾಲ್ಕು ದಿನ ಇದ್ದು ಬಂದ್ರೆ ನನ್ನ ಕಿವಿ ನನಗೆ ವಾಪಸ್ ಸಿಗುತ್ತೆ,” ಎಂದರು ಅತ್ತೆಗೆ.

ಅಷ್ಟರಲ್ಲಿ ಟೀವಿಯಲ್ಲಿ ಚರ್ಮಕ್ಕೆ ಬಣ್ಣ ಹಾಕುವ ಕಲ್ಲಿನ ಹೊಂಡಗಳು ಬಂದವು. ಒಂದು ಹೊಂಡ ಅರಿಶಿನ, ಒಂದು ಕೆಂಪು, ಒಂದು ಕಂದು. ಅತ್ತೆ ಶೂ ಕಾರ್ಖಾನೆಯಲ್ಲಿ ಚರ್ಮ ಹೊಲಿಯುವ ಮೆಷಿನ್ನಿನ ಮುಂದೆ ಕೂತು ಕಣ್ಣು ಸವೆಸಿದವರು. “ಇಷ್ಟು ವರ್ಷ ಹೊಲಿದೆ, ಬಣ್ಣ ಹೇಗೆ ಹತ್ತುತ್ತೆ ಅಂತ ಒಂದಿನಾನೂ ನೋಡ್ಲಿಲ್ಲ ನೋಡು,” ಎಂದರು ನನ್ನ ಕಡೆ ತಿರುಗಿ. ಅವರು ಬಾಯಿಬಿಟ್ಟು ಏನನ್ನಾದರೂ ಬಯಸಿದ್ದು ನಾನು ಕೇಳಿದ್ದು ಅದೇ ಮೊದಲು. ಆದರೆ ಹಿಂದಿನ ವರ್ಷ ಬಚ್ಚಲಲ್ಲಿ ಜಾರಿಬಿದ್ದು ಅವರ ಮಂಡಿಗೆ ಆಪರೇಷನ್ ಆಗಿತ್ತು. ಕಾಲು ಗಟ್ಟಿಯಾಗಿದೆ, ಧೈರ್ಯವಾಗಿ ನಡೀರಿ ಎಂದು ಡಾಕ್ಟರು ಹೇಳಿ ಎಷ್ಟೋ ಕಾಲವಾಗಿತ್ತು. ಸಮನೆಲದಲ್ಲಿ ನಡೆಯುತ್ತಿದ್ದರು, ಮೆಟ್ಟಿಲು ಕಂಡರೆ ಮಾತ್ರ ನಿಂತುಬಿಡುತ್ತಿದ್ದರು.

ಫೆಜ್ ಆದರೋ ಇಳಿಜಾರಿನ ಊರು. ಹಳೇ ಊರಿನ ಗೋಡೆಗಿರುವ ನೀಲಿ ಹೆಬ್ಬಾಗಿಲಿನಿಂದ ಓಣಿ ಇಳಿಯುತ್ತಾ ಹೋಗುತ್ತದೆ. ಇಳಿದವರು ಹತ್ತಲೇಬೇಕಲ್ಲ.

ಅತ್ತೆ ಯೋಚಿಸಿ ಒಂದು ಷರತ್ತು ಹಾಕಿದರು. “ನಾನು ನಮ್ಮ ಮಾರ್ಕೆಟ್ ಬೀದಿ ಪೂರ್ತಿ ನಡೆದು, ಕೊನೇಲಿರೋ ಕಲ್ಲು ಮೆಟ್ಟಿಲು ಈ ತಿಂಗಳೊಳಗೆ ಹತ್ತಿದ್ರೆ ಟಿಕೆಟ್ ತೆಗೀರಿ. ಇಲ್ಲಾಂದ್ರೆ ಈ ಮನೇಲಿ ಫೆಜ್ ಹೆಸರು ಎತ್ತಬಾರದು. ದೂರದೇಶಕ್ಕೆ ಹೋಗಿ ನಿಮ್ಮ ಬೆನ್ನಿಗೆ ಮೂಟೆ ಆಗೋಳಲ್ಲ ನಾನು.”

ಮಾವ ಮರುದಿನವೇ ಶುರು ಮಾಡಿದರು. “ಹೊಸ ರೂಟ್ ಅಂದ್ಮೇಲೆ ಟ್ರಯಲ್ ಇರಲೇಬೇಕು,” ಎಂದರು. ಬೀದಿಯ ಶುರುವಿನ ಗಡಿಯಾರ ರಿಪೇರಿ ಅಂಗಡಿ ನೀಲಿ ಹೆಬ್ಬಾಗಿಲಾಯಿತು. ಬೀಗದವನ ಅಂಗಡಿ ಮೊದಲ ಸ್ಟಾಪು. ಮೆಟ್ಟಿಲಿನ ತುದಿ, ಚರ್ಮದ ಹೊಂಡಗಳನ್ನು ನೋಡುವ ಮಾಳಿಗೆ. ಮುಂದೆ ಮಾವ, ಹಿಂದೆ ಕೊಡೆ ಹಿಡಿದ ಅತ್ತೆ. ಕೊಡೆಯ ತುದಿಯಿಂದ ಬೆನ್ನಿಗೆ ಒಂದು ಸಲ ತಿವಿದರೆ ನಿಲ್ಲಬೇಕು, ಎರಡು ಸಲ ತಿವಿದರೆ ಹೊರಡಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂದರೆ ಇದೇ ಎಂದು ನಾನು ನಕ್ಕೆ. ಬೀದಿಯವರು ನನ್ನಷ್ಟು ಕೆಟ್ಟವರಲ್ಲ. ಬೀಗದವನು ಸ್ಟೂಲು ಹೊರಗಿಟ್ಟ. ಚರ್ಮದ ವಾಸನೆ ತಡೆಯಲು ಫೆಜ್‌ನಲ್ಲಿ ನೋಡಬಂದವರಿಗೆ ಪುದೀನ ಕೊಡುತ್ತಾರಂತೆ ಎಂದು ಕೇಳಿದ ತರಕಾರಿಯವಳು ದಿನಾ ಅತ್ತೆಯ ಕೈಗೆ ಒಂದು ಕಡ್ಡಿ ಪುದೀನ ತುರುಕುತ್ತಿದ್ದಳು.

ನಾನು ಕೆಲಸ ಮಾಡುವ ಔಷಧಿ ಅಂಗಡಿ ಆ ಮೆಟ್ಟಿಲಿನ ಬುಡದಲ್ಲೇ ಇದೆ. ಹಾಗಾಗಿ ಪ್ರತಿದಿನದ ಸೋಲು ನನ್ನ ಕಣ್ಣೆದುರೇ ಆಗುತ್ತಿತ್ತು. ಅತ್ತೆ ಮೊದಲ ಮೆಟ್ಟಿಲ ಮೇಲೆ ಕಾಲಿಡುವರು. ಮಾವ ಪಕ್ಕಕ್ಕೆ ಬಂದು, “ನೋವಾ? ಹಿಡ್ಕೊಳ್ಳಲಾ? ಬೇಡ ಬಿಡು, ನಾಳೆ ನೋಡೋಣ,” ಎನ್ನುವರು. ಇಬ್ಬರೂ ಬಂದ ದಾರಿಗೆ ಸುಂಕವಿಲ್ಲ ಎಂದು ಮನೆಗೆ ಹೋಗುವರು. ತಿಂಗಳು ಮುಗಿಯುತ್ತಾ ಬಂತು. ಅತ್ತೆ ಟೀವಿಯಲ್ಲಿ ಬೇರೆ ದೇಶ ಬಂದರೂ ಎದ್ದು ಒಳಗೆ ಹೋಗತೊಡಗಿದರು. ನನ್ನ ನಗುವೂ ಎಲ್ಲೋ ಉಡುಗಿಹೋಗಿತ್ತು.

ಆ ಶನಿವಾರ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀಗದವನ ಸ್ಟೂಲಿನ ಮೇಲೆ ಅತ್ತೆ ಸುಧಾರಿಸಿಕೊಳ್ಳುತ್ತಿದ್ದರು. ಮಾವ ಬೆನ್ನು ಕೊಟ್ಟು ನಿಂತಿದ್ದರು. ಹೆಗಲ ಮೇಲೆ ಪೈಪು ಹೊತ್ತ ನಲ್ಲಿ ರಿಪೇರಿಯವನೊಬ್ಬ ಜನರ ಮಧ್ಯೆ ನುಗ್ಗಿ ಬಂದ. ಪೈಪಿನ ತುದಿ ಮಾವನ ಬೆನ್ನಿಗೆ ತಿವಿಯಿತು, ಒಂದಲ್ಲ, ಎರಡು ಸಲ. ಮಾವ ಹೊರಟೇಬಿಟ್ಟರು. ಅತ್ತೆ ಕೂಗಿದ್ದು ಆ ಗಲಾಟೆಯಲ್ಲಿ ಯಾರಿಗೆ ಕೇಳಬೇಕು.

ನಾನು ಗಿರಾಕಿಗೆ ಮಾತ್ರೆ ಕೊಡುತ್ತಾ ನೋಡುತ್ತೇನೆ, ಮಾವ ಒಬ್ಬರೇ ಬರುತ್ತಿದ್ದಾರೆ, ಕೈಯಾಡಿಸಿಕೊಂಡು ಮಾತಾಡುತ್ತಾ. ಮೆಟ್ಟಿಲ ಬುಡದಲ್ಲಿ ಒಂದು ಕ್ಷಣ ತಡೆದರು. ಬೆನ್ನಿಗೆ ಕೊಡೆ ತಾಗಲಿಲ್ಲ. ಇವತ್ತು ಇವಳಿಗೆ ಧೈರ್ಯ ಬಂದಿದೆ, ತಿರುಗಿ ನೋಡಿದರೆ ಕೆಟ್ಟೀತು ಎಂದುಕೊಂಡರಂತೆ, ಪಾಪ. ಮೈಯೆಲ್ಲಾ ಕಿವಿಯಾಗಿ ಒಂದೊಂದೇ ಮೆಟ್ಟಿಲು ಹತ್ತಿ ಮಾಯವಾದರು.

ಸ್ವಲ್ಪ ಹೊತ್ತಿಗೆ ಅತ್ತೆ ಬಂದರು, ಮುಖ ಕೆಂಪಗೆ.

“ಎಲ್ಲಿ ಇವರು?”

“ಮೇಲೆ ಹೋದ್ರು ಅತ್ತೆ, ಮಾತಾಡ್ಕೊಂಡು.”

“ಯಾರ ಜೊತೆ?”

“ನಿಮ್ಮ ಜೊತೆ.”

ಅತ್ತೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೆಟ್ಟಿಲು ನೋಡಿದರು, ಬೀದಿ ನೋಡಿದರು. ನಾನು ಕೌಂಟರ್ ದಾಟಿ ಓಡಿಹೋದೆ. “ಮುಟ್ಟಬೇಡ. ‘ನೋವಾ’ ಅಂತ ಕೇಳ್ಲೂಬೇಡ,” ಎಂದರು. ಪಕ್ಕದ ಗೋಡೆಗೆ ಕೈ ಕೊಟ್ಟು, ಕೊಡೆ ಊರಿ, ಒಂದು ಮೆಟ್ಟಿಲು ಹತ್ತಿ ನಿಂತರು. ಇನ್ನೊಂದು ಹತ್ತಿದರು. ಅರ್ಧದಲ್ಲಿ ಬಹಳ ಹೊತ್ತು ನಿಂತರು. ಕೂಗಿ ಏನಾದರೂ ಅನ್ನಬೇಕೆಂದು ನಾಲಗೆ ತುರಿಸಿದರೂ ತಡೆದುಕೊಂಡೆ. ನನ್ನ ಬಾಳಿನಲ್ಲಿ ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದಿಲ್ಲ. ಕೊನೆಗೆ ಅವರ ಸೀರೆಯ ಅಂಚು ಕೊನೆಯ ಮೆಟ್ಟಿಲು ದಾಟಿತು.

ಅಲ್ಲಿ ಮಾವ ಇರಲಿಲ್ಲ. ತುದಿ ಮುಟ್ಟಿ ತಿರುಗಿದವರಿಗೆ ಹೆಂಡತಿ ಕಂಡಿರಲಿಲ್ಲ. ಅವಳಿಗೆ ಮೆಟ್ಟಿಲು ಆಗುವುದಿಲ್ಲವಲ್ಲ, ಕೈಗಾಡಿಗಳು ಹತ್ತುವ ಹಿಂದಿನ ದಾರಿ ಹಿಡಿದಿರಬೇಕು ಎಂದು ಆ ಕಡೆಯಿಂದ ಇಳಿದು, ಇಡೀ ಬೀದಿ ಹುಡುಕಿ ನನ್ನ ಮುಂದೆ ಬಂದು ನಿಂತರು. ಬೆವರಿನಲ್ಲಿ ಅಂಗಿ ಮೈಗಂಟಿತ್ತು.

“ನಿಮ್ಮತ್ತೆ ಕಳೆದುಹೋದ್ಳಮ್ಮಾ.”

ನಾನು ಬೆರಳೆತ್ತಿ ಮೇಲಕ್ಕೆ ತೋರಿಸಿದೆ. ಮೆಟ್ಟಿಲ ತುದಿಯಲ್ಲಿ ಅತ್ತೆ ಕಾಲುಚಾಚಿ ಕೂತಿದ್ದರು, ಕೊಡೆ ಮಡಿಲಲ್ಲಿ. ಮಾವ ಎಡವುತ್ತಾ ಹತ್ತಿದರು. ಅಂಗಡಿಯನ್ನು ದೇವರ ಪಾಲಿಗೆ ಬಿಟ್ಟು ನಾನೂ ಹಿಂದೆ ಹೋದೆ. ಅತ್ತೆಗಿಂತ ಒಂದು ಮೆಟ್ಟಿಲು ಕೆಳಗೆ ಮಾವ ದೊಪ್ಪನೆ ಕೂತರು.

“ನಿನ್ನ ಬಿಟ್ಟು ಬಂದುಬಿಟ್ಟೆ ಕಣೇ.”

“ಬಿಟ್ಟು ಬಂದಿದ್ದಕ್ಕೇ ಹತ್ತಿದ್ದು ನಾನು. ನೀವು ಪಕ್ಕದಲ್ಲಿ ನಿಂತು ‘ನೋವಾ, ನೋವಾ’ ಅಂದ್ರೆ ನನ್ನ ಕಾಲಿನ ಜೊತೆ ನಿಮ್ಮ ಭಯಾನೂ ಹೊತ್ಕೊಂಡು ಹತ್ತಬೇಕು. ಅಷ್ಟು ಭಾರ ನನ್ನ ಕೈಲಾಗಲ್ಲ ರೀ.”

ಮಾವ ಮೆತ್ತಗೆ ಕೇಳಿದರು. “ಹಾಗಾದ್ರೆ ನಾನು ಬರೋದು ಬೇಡ್ವಾ?”

“ಬರದೆ? ಅಷ್ಟು ಬಣ್ಣ ಒಬ್ಬಳೇ ನೋಡಿ ಯಾರ ಹತ್ರ ಹೇಳ್ಲಿ?” ಎಂದು ಅತ್ತೆ ನನ್ನತ್ತ ನೋಡಿದರು. “ಟಿಕೆಟ್ ತೆಗಿ ಕಣಮ್ಮ, ಇಬ್ಬರಿಗೂ. ಕಿಟಕಿ ಸೀಟು ನನಗೆ.”

ನನಗೆ ಅಳು ಬಂತು. ಮುಚ್ಚಿಡಲು ಹೋಗಲಿಲ್ಲ.

ಅತ್ತೆ ಕೊಡೆ ಊರಿ ಎದ್ದರು. ಮಾವನೂ ಏಳಲು ನೋಡಿದರು, ಆಗಲಿಲ್ಲ. ಓಡಿದ ಓಟಕ್ಕೂ ಹೆದರಿದ ಹೆದರಿಕೆಗೂ ಜಂಘಾಬಲವೇ ಉಡುಗಿಹೋಗಿತ್ತು. ಅತ್ತೆ ಏನೂ ಕೇಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಗಟ್ಟಿಯಾಗಿ ನಿಂತು ಕೈ ಚಾಚಿದರು. ಮಾವ ಹಿಡಿದುಕೊಂಡು ಎದ್ದರು.